ಮಸೂರದ ಮುಂದೊಂದು ಮಸೂರ: ಅಗಲ ಪರದೆಯ ಗುರುದತ್

ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್' 1959ರಲ್ಲಿ ತೆರೆಕಂಡಿತು. ಹಿಂದಿ ಚಿತ್ರವಾದರೂ ಅದನ್ನು ರೂಪಿಸಿದ ಇಬ್ಬರು ಪ್ರಮುಖರು ಕನ್ನಡ ನೆಲದವರೆಂಬುದು ಗಮನಾರ್ಹ. ನಿರ್ದೇಶಕ ಗುರುದತ್ ಜನಿಸಿದ್ದು ಬೆಂಗಳೂರಿನಲ್ಲಿ, ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು.

1925ರ ಜುಲೈ 9ರಂದು ಕೊಂಕಣಿ ಮನೆಮಾತಿನ ಕುಟುಂಬದಲ್ಲಿ ಗುರುದತ್ ಜನಿಸಿದರು. ಅವರ ಮನೆತನದ ಹೆಸರಾದ ಪಡುಕೋಣೆ, ನಮ್ಮ ಕರಾವಳಿಯ ಕುಂದಾಪುರ ಪರಿಸರದ ಗ್ರಾಮದ್ದು. ಬಾಲ್ಯ ಕಳೆದದ್ದು ಕೋಲ್ಕತಾದಲ್ಲಿ. ಅಲ್ಮೋಡಾದಲ್ಲಿ ಉದಯಶಂಕರ್ ಅವರ ಕಲಾಕೇಂದ್ರ ಸೇರಿ ನೃತ್ಯಾಭ್ಯಾಸ ಮಾಡಿದರು. ಕೆಲಕಾಲ ಟೆಲಿಫೋನ್ ಆಪರೇಟರ್ ಆಗಿ ದುಡಿದು, 1944ರಲ್ಲಿ ಪುಣೆಯ ಪ್ರಭಾತ್ ಸಂಸ್ಥೆಯ ಮೂಲಕ ಚಿತ್ರರಂಗ ಪ್ರವೇಶಿಸಿದರು. ಅಲ್ಲಿ ದೊರೆತ ದೇವ್ ಆನಂದ್ ಅವರ ಸ್ನೇಹವೇ ಮುಂದೆ 'ಬಾಜಿ' (1951) ಚಿತ್ರದ ನಿರ್ದೇಶನಕ್ಕೆ ದಾರಿಯಾಯಿತು.

'ಬಾಜಿ'ಯಲ್ಲಿ ಸಹಾಯಕ ಛಾಯಾಗ್ರಾಹಕರಾಗಿದ್ದ ಮೂರ್ತಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತವರು. ಅವರ ಕೈಚಳಕ ಕಂಡ ಗುರುದತ್, 'ಜಾಲ್' (1952) ಚಿತ್ರದಿಂದ ಕ್ಯಾಮರಾದ ಹೊಣೆಯನ್ನು ಅವರಿಗೇ ಒಪ್ಪಿಸಿದರು. ಮುಖದ ಭಾವವನ್ನು ಸಮೀಪದಿಂದ ಹಿಡಿಯುವುದು ಗುರುದತ್ ಅವರ ಶೈಲಿ. ಅದಕ್ಕಾಗಿ 75 ಮಿ.ಮೀ.ಯಂಥ ದೀರ್ಘ ಸಂಗಮ ದೂರದ ಮಸೂರಗಳನ್ನು ಈ ಜೋಡಿ ಬಳಸಿತು. 'ಪ್ಯಾಸಾ' (1957) ಈ ಕ್ರಮದ ಸಿದ್ಧಿಯಾಗಿತ್ತು.

ಅನಂತರ ಬಂದದ್ದು ಸಿನೆಮಾಸ್ಕೋಪ್. ಹೊಸ ಮಸೂರವನ್ನು ಹಳೆಯ ಕ್ಯಾಮರಾಕ್ಕೆ ಹೊಂದಿಸುವ ಕಷ್ಟ ಸ್ಥಿರಚಿತ್ರ ತೆಗೆಯುವವರಿಗೂ ಪರಿಚಿತ. ರೇಂಜ್‌ಫೈಂಡರ್ ಕ್ಯಾಮರಾವಾದ ಲೈಕಾದಲ್ಲಿ ಮಸೂರ ಕೂರುವ ಬಳೆಯಿಂದ ಫಿಲ್ಮಿಗೆ ಇರುವ ಅಂತರ ಸುಮಾರು 28 ಮಿ.ಮೀ. ಎಸ್‌ಎಲ್‌ಆರ್ ಕ್ಯಾಮರಾದೊಳಗೆ ಕನ್ನಡಿ ಮೇಲೇಳಲು ಸ್ಥಳ ಬೇಕಾದ್ದರಿಂದ ನಿಕಾನ್‌ನಲ್ಲಿ ಇದು 46.5 ಮಿ.ಮೀ. ಆದಕಾರಣ ಲೈಕಾದ ಮಸೂರವನ್ನು ನಿಕಾನ್‌ಗೆ ತೊಡಿಸಿದರೆ ಎದುರಿನ ಹೂವು ಸ್ಪಷ್ಟವಾದೀತು, ದೂರದ ಬೆಟ್ಟ ಮಸುಕಾಗಿಯೇ ಉಳಿಯುತ್ತದೆ.

ಸಿನೆಮಾಸ್ಕೋಪ್‌ನ ತೊಡಕು ಇದರ ವಿರುದ್ಧ ದಿಕ್ಕಿನದು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಎದುರು ನಿಂತು ಇಡಿಯಾಗಿ ಹಿಡಿಯಲು ಯತ್ನಿಸಿದವರಿಗೆ ಅಗಲದ ಆಸೆ ಎಂಥದೆಂದು ಗೊತ್ತು. ಆ ಅಗಲಕ್ಕಾಗಿ, ಸಾಮಾನ್ಯ ಮಸೂರದ ಮುಂದೆ ಇನ್ನೊಂದು ಮಸೂರ ಜೋಡಿಸಿ ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಕುಗ್ಗಿಸಿ 35 ಮಿ.ಮೀ. ಫಿಲ್ಮಿನಲ್ಲಿ ಮೂಡಿಸುವ ಉಪಾಯವನ್ನು ಫ್ರಾನ್ಸಿನ ಆನ್ರಿ ಕ್ರೆತಿಯೆನ್ 1920ರ ದಶಕದಲ್ಲಿ ಕಂಡುಹಿಡಿದಿದ್ದರು. ಹಾಲಿವುಡ್ 1953ರಲ್ಲಿ ಅದನ್ನು ತೆರೆಗೆ ತಂದಿತು. ಪ್ರದರ್ಶನದ ವೇಳೆ ಮತ್ತೊಂದು ಮಸೂರ ದೃಶ್ಯವನ್ನು ಹಿಗ್ಗಿಸುತ್ತದೆ. ಆದರೆ ಆ ಕಾಲದ ಇಂಥ ಮಸೂರಗಳು ದೂರದ ನೋಟಕ್ಕೆ ಒಗ್ಗುತ್ತಿದ್ದವು. ಸಮೀಪದ ಮುಖ ಊದಿಕೊಂಡಂತೆ ಕಾಣುತ್ತಿತ್ತು. ಮುಖವನ್ನೇ ನೆಚ್ಚಿದ್ದ ನಿರ್ದೇಶಕನಿಗೆ ಇದು ಸಣ್ಣ ಸವಾಲಲ್ಲ.

ಗುರುದತ್ ಅಗಲವನ್ನು ಶೂನ್ಯಕ್ಕೆ ಮೀಸಲಿಟ್ಟರು. ಸೋತ ಚಿತ್ರನಿರ್ದೇಶಕನೊಬ್ಬನ ಕಥೆಯಲ್ಲಿ ಬರಿದಾದ ಸ್ಟುಡಿಯೊ, ಅದರ ನಡುವೆ ಪರಸ್ಪರ ದೂರ ನಿಂತ ಎರಡು ಆಕೃತಿಗಳು. ಮೂರ್ತಿ ದೊಡ್ಡ ಕನ್ನಡಿಗಳ ಮೂಲಕ ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿ, ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ಸೃಷ್ಟಿಸಿದರು. ಆ ದೃಶ್ಯವನ್ನು ಛಾಯಾಗ್ರಹಣದ ವಿದ್ಯಾರ್ಥಿಗಳು ಇಂದಿಗೂ ಅಭ್ಯಸಿಸುತ್ತಾರೆ.

ಪ್ರೇಕ್ಷಕರು ಮಾತ್ರ ಚಿತ್ರವನ್ನು ತಿರಸ್ಕರಿಸಿದರು. ಮೂರ್ತಿ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಸಂದಿತು. ಗುರುದತ್ ಅವರ ಪಾಲಿಗೆ ಉಳಿದದ್ದು ನಷ್ಟ ಮತ್ತು ನೋವು. ಆ ಬಳಿಕ ಅವರು ನಿರ್ದೇಶಕನಾಗಿ ಯಾವ ಚಿತ್ರಕ್ಕೂ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 'ಚೌದ್ವೀ ಕಾ ಚಾಂದ್' (1960), 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಚಿತ್ರಗಳ ನಿರ್ಮಾಪಕ ಹಾಗೂ ನಟರಾಗಿ ಯಶಸ್ಸು ಕಂಡರೂ, ಈ ನಿರ್ಧಾರ ಬದಲಾಗಲಿಲ್ಲ. 1964ರ ಅಕ್ಟೋಬರ್ 10ರಂದು ಮುಂಬಯಿಯಲ್ಲಿ ಕೊನೆಯುಸಿರೆಳೆದಾಗ ಅವರಿಗೆ ಕೇವಲ 39 ವರ್ಷ.

ಅಂದು ಸೋತ ಚಿತ್ರ ದಶಕಗಳ ಬಳಿಕ ದೇಶ ವಿದೇಶಗಳಲ್ಲಿ ಮನ್ನಣೆ ಗಳಿಸಿತು. ಮೂರ್ತಿ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಭಾಜನರಾದರು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ. 2014ರಲ್ಲಿ ಅವರೂ ಬೆಂಗಳೂರಿನಲ್ಲಿ ನಿಧನ ಹೊಂದಿದರು. 2025ರಲ್ಲಿ ಗುರುದತ್ ಜನ್ಮಶತಮಾನೋತ್ಸವ ಬಂದಾಗ, ಅವರ ನಿರ್ದೇಶನದ ಹೆಸರು ಹೊತ್ತ ಕೊನೆಯ ಚಿತ್ರವಾಗಿ ನೆನಪಾದದ್ದು ಅದೇ 'ಕಾಗಜ್ ಕೆ ಫೂಲ್'.