ಚೌಕಟ್ಟಿನಿಂದ ಕುರ್ಚಿಯವರೆಗೆ: ವಾರ್ಟನ್ ಎಶೆರಿಕ್

ವಾರ್ಟನ್ ಎಶೆರಿಕ್ ಅವರು 1887ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ಚಿತ್ರಕಾರನಾಗಬೇಕೆಂಬುದೊಂದೇ ಅವರ ಹಂಬಲ. ಆ ನಗರದ ಕಲಾಶಾಲೆಗಳಲ್ಲಿ ಅಭ್ಯಾಸ ಮಾಡಿ, 1913ರಲ್ಲಿ ಪತ್ನಿಯೊಡನೆ ಪಾವೋಲಿ ಸಮೀಪದ ಹಳೆಯ ತೋಟದ ಮನೆಯೊಂದರಲ್ಲಿ ನೆಲೆಸಿದರು. ತರಕಾರಿ ಬೆಳೆದರು, ಚಿತ್ರ ಬರೆದರು. ತರಕಾರಿ ಊಟಕ್ಕೊದಗಿತು, ಚಿತ್ರಗಳನ್ನು ಕೊಳ್ಳುವವರು ಮಾತ್ರ ವಿರಳವಾಗಿದ್ದರು.

ಅವರ ಬಾಳಿಗೆ ತಿರುವು ದೊರೆತದ್ದು ಒಂದು ಶಾಲೆಯಲ್ಲಿ ಎಂಬುದು ಅಧ್ಯಾಪಕರಾದ ನಮಗೆ ವಿಶೇಷವಾಗಿ ಪ್ರಿಯವಾದ ಸಂಗತಿ. ಅಲಬಾಮಾ ರಾಜ್ಯದ ಫೇರ್‌ಹೋಪ್‌ನಲ್ಲಿ ಮರಿಯೆಟ್ಟಾ ಜಾನ್ಸನ್ ಎಂಬ ಶಿಕ್ಷಣತಜ್ಞೆ ಪರೀಕ್ಷೆ, ಅಂಕಗಳ ಹಂಗಿಲ್ಲದೆ ಕೈಕೆಲಸಕ್ಕೂ ಸ್ಥಾನವಿತ್ತು ಶಾಲೆಯೊಂದನ್ನು ನಡೆಸುತ್ತಿದ್ದರು. 1919ರಲ್ಲಿ ಎಶೆರಿಕ್ ಅಲ್ಲಿಗೆ ಚಿತ್ರಕಲೆ ಕಲಿಸಲು ಹೋದರು. ಕಲಿಸಲು ಹೋದವರ ಕೈಗೆ ಕೆತ್ತನೆಯ ಉಳಿ ಬಂದದ್ದು ಅಲ್ಲಿಯೇ. ಊರಿಗೆ ಮರಳಿ ತಮ್ಮ ಚಿತ್ರಗಳಿಗೆ ಮರದ ಚೌಕಟ್ಟುಗಳನ್ನು ಕೆತ್ತತೊಡಗಿದರು. ನೋಡಬಂದವರು ಚಿತ್ರಕ್ಕಿಂತ ಚೌಕಟ್ಟನ್ನೇ ಹೆಚ್ಚು ಮೆಚ್ಚಿದರು! ಹಲವು ವರ್ಷ ಬಣ್ಣದೊಡನೆ ಹೆಣಗಿದವರಿಗೆ ಅದು ಸುಲಭವಾಗಿ ನುಂಗುವ ತುತ್ತಲ್ಲ. ಆದರೂ ಕ್ರಮೇಣ ಕುಂಚವನ್ನು ಬದಿಗಿರಿಸಿ ಅವರು ಶಿಲ್ಪಿಯಾದರು. ಮರದ ಅಚ್ಚುಚಿತ್ರಗಳನ್ನು ಕೆತ್ತಿದರು. ಮೇಜು, ಪೆಟ್ಟಿಗೆ, ಕುರ್ಚಿಗಳಿಗೂ ಅದೇ ಉಳಿಯನ್ನೊಡ್ಡಿದರು.

1926ರಲ್ಲಿ ಗುಡ್ಡದ ಮೇಲೆ ತಮ್ಮ ಕಾರ್ಯಾಗಾರವನ್ನು ಕಟ್ಟಲಾರಂಭಿಸಿದರು. 1930ರಲ್ಲಿ ಅದರೊಳಗೆ ಓಕ್ ಮರದ ಸುರುಳಿ ಮೆಟ್ಟಿಲು ಮೂಡಿತು. ತಿರುಚಿ ಮೇಲೇರುವ ಒಂದು ನಡುಗಂಬ, ಅದಕ್ಕೆ ನಾಟಿದ ದಪ್ಪ ಹಲಗೆಗಳು. ಏರುವವನ ಕಾಲಿಗೆ ಅದು ಮೆಟ್ಟಿಲು, ಕೆಳಗೆ ನಿಂತು ನೋಡುವವನ ಕಣ್ಣಿಗೆ ಶಿಲ್ಪ. ಮುಂದೆ ನ್ಯೂಯಾರ್ಕಿನ ವಿಶ್ವಮೇಳದ ಪ್ರದರ್ಶನಕ್ಕಾಗಿ ಅದನ್ನೇ ಬಿಚ್ಚಿ ಸಾಗಿಸಿ, ಮತ್ತೆ ತಂದು ಜೋಡಿಸಿದರು. ನ್ಯಾಯಾಧೀಶ ಕರ್ಟಿಸ್ ಬಾಕ್ ಅವರ ಮನೆಗೆ ರಚಿಸಿದ ಬಾಗಿಲು, ಅಗ್ಗಿಷ್ಟಿಕೆಗಳು ಈಗ ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದಲ್ಲಿವೆ.

ಆದರೆ ನನಗೆ ಹೆಚ್ಚು ಹಿಡಿಸಿದ್ದು ಬಡ ನಾಟಕಮಂದಿರವೊಂದಕ್ಕಾಗಿ ಅವರು ಮಾಡಿಕೊಟ್ಟ ಕುರ್ಚಿಗಳು. ಹೆಡ್ಜ್‌ರೋ ಎಂಬ ಆ ರಂಗತಂಡಕ್ಕೆ ಆಸನಗಳು ಬೇಕಾಗಿದ್ದವು. ಪೀಪಾಯಿಗಟ್ಟಲೆ ಸುತ್ತಿಗೆಯ ಹಿಡಿಗಳು ಎಶೆರಿಕ್ ಅವರ ಬಳಿಯಿದ್ದವು. ಅವನ್ನೇ ಕಾಲುಗಳಾಗಿ, ಅಡ್ಡಪಟ್ಟಿಗಳಾಗಿ ಜೋಡಿಸಿ ಕುರ್ಚಿಗಳನ್ನು ನಿಲ್ಲಿಸಿದರು. ಅಂಗೈಯ ಹಿಡಿತಕ್ಕೆಂದು ರೂಪುಗೊಂಡಿದ್ದ ಆ ಬಾಗು ಕುರ್ಚಿಯ ಕಾಲಿಗೂ ಒಪ್ಪಿತು.

1970ರಲ್ಲಿ ಎಶೆರಿಕ್ ನಿಧನರಾದರು. ಎರಡು ವರ್ಷಗಳ ಬಳಿಕ ಅವರ ಕಾರ್ಯಾಗಾರ ಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿ ಕೋಟು ತೂಗುಹಾಕುವ ಗೂಟಗಳಿವೆ. ಆ ಕಟ್ಟಡಕ್ಕೆ ದುಡಿದ ಕೆಲಸಗಾರರ ಮುಖಗಳನ್ನು ಒಂದೊಂದು ಗೂಟದಲ್ಲೂ ತುಸು ವಿನೋದವಾಗಿಯೇ ಎಶೆರಿಕ್ ಕೆತ್ತಿಟ್ಟಿದ್ದಾರೆ.