ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಹೊಸೂರಿನ ಚಂದ್ರಚೂಡೇಶ್ವರ ಸ್ವಾಮಿಯ ತೇರಿನ ದಿನ ಬೆಟ್ಟದ ದಾರಿಯಲ್ಲಿ ಕಣ್ಣಿಲ್ಲದವರು ಕುಳಿತು ಹಾಡುವುದನ್ನು ನಾವು ಕಂಡಿದ್ದೇವೆ. ಚಿಲ್ಲರೆ ಕಾಸು ಹಾಕಿ ಮುಂದೆ ನಡೆಯುತ್ತೇವೆ. ಇವರಿಗೆ ಹಾಡು ಕಲಿಸಿದವರು ಯಾರು, ಇನ್ನೂ ಹೆಚ್ಚು ಕಲಿಯುವ ಆಸೆ ಇವರಿಗಿತ್ತೇ ಎಂದು ನಿಂತು ಕೇಳುವುದಿಲ್ಲ. ಅಂಥ ಇಬ್ಬರು ಹುಡುಗರನ್ನು ಒಬ್ಬ ಸ್ವಾಮಿಗಳು ನಿಂತು ವಿಚಾರಿಸಿದ್ದರಿಂದ ಕನ್ನಡ ನಾಡಿಗೆ ಒಬ್ಬ ಮಹಾ ಸಂಗೀತಗಾರರು ದೊರೆತರು. ಅವರೇ ಪಂಚಾಕ್ಷರಿ ಗವಾಯಿಗಳು.

ಗವಾಯಿಗಳು ಹುಟ್ಟಿದ್ದು 1892ನೇ ಇಸವಿ ಫೆಬ್ರವರಿ 2ರಂದು, ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆಗ ಅದು ಧಾರವಾಡ ಜಿಲ್ಲೆ, ಈಗ ಹಾವೇರಿ ಜಿಲ್ಲೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧನೇ. ಒಂದೇ ಬಡ ಮನೆಯಲ್ಲಿ ಇಬ್ಬರು ಅಂಧ ಮಕ್ಕಳೆಂದರೆ ಆ ತಾಯಿಯ ಸಂಕಟ ಎಂಥದ್ದೆಂದು ನಾವು ಊಹಿಸಬಹುದು. ಆದರೆ ಆ ಮಕ್ಕಳ ಕಡೆಯಿಂದ ನೋಡಿದರೆ ಇನ್ನೊಂದು ಮಾತೂ ಉಂಟು. ಗದಿಗೆಯ್ಯ ಒಂಟಿಯಾಗಿರಲಿಲ್ಲ. ಕತ್ತಲೆ ಎಂದರೇನೆಂದು ಬಿಡಿಸಿ ಹೇಳುವ ಅಗತ್ಯವಿಲ್ಲದ ಜೊತೆಗಾರನೊಬ್ಬ ಅವನ ಪಕ್ಕದಲ್ಲೇ ಇದ್ದ. ಇಬ್ಬರೂ ಕೂಡಿ ಕೇಳಿದರು, ಕೂಡಿ ಹಾಡಿದರು.

ಈ ಸಹೋದರರ ಕಂಠವನ್ನು ಗುರುತಿಸಿದವರು ಹಾನಗಲ್ಲಿನ ಕುಮಾರ ಸ್ವಾಮಿಗಳು. 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭಾ ತೀರದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಪೂಜ್ಯರು ಇವರೇ. ಅವರು ಹುಡುಗರಿಗೆ ಅನ್ನ ಹಾಕಿಸಿ ಸುಮ್ಮನಾಗಲಿಲ್ಲ, ವಿದ್ಯೆಗೆ ಏರ್ಪಾಡು ಮಾಡಿದರು. ಗದಿಗೆಯ್ಯನವರು ಮೈಸೂರಿನಲ್ಲಿ ನಾಲ್ಕು ವರ್ಷ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಹಿಂದೂಸ್ತಾನಿ ಸಂಗೀತವನ್ನು ನೀಲಕಂಠ ಬುವಾ ಮಿರಜಕರ ಮತ್ತು ಉಸ್ತಾದ್ ವಹೀದ್ ಖಾನರಲ್ಲಿ ಕಲಿತರು. ಎರಡು ಪದ್ಧತಿಗಳಲ್ಲೂ ಪ್ರೌಢಿಮೆ ಪಡೆದವರು ಆ ಕಾಲದಲ್ಲಿ ವಿರಳ. ಹಾಡುಗಾರಿಕೆಯ ಜೊತೆಗೆ ತಬಲಾ ವಾದನದಲ್ಲೂ ಅವರು ನಿಪುಣರಾದರು. ಗದಿಗೆಯ್ಯನವರು ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧರಾದರು.

ಇಷ್ಟು ವಿದ್ಯೆ ಬಂದ ಮೇಲೆ ಯಾವುದಾದರೂ ಆಸ್ಥಾನದ ಆಶ್ರಯ ಹಿಡಿದು ನೆಮ್ಮದಿಯಾಗಿ ಇರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನೂ, ದಿಕ್ಕಿಲ್ಲದ ಬಡ ಮಕ್ಕಳನ್ನೂ ಕೂಡಿಸಿಕೊಂಡು ಸಂಗೀತ ಪಾಠಶಾಲೆ ನಡೆಸಿದರು. ಅದಕ್ಕೆ ಮೊದಲು ಕಟ್ಟಡವಿರಲಿಲ್ಲ. ಗುರುಗಳೂ ಶಿಷ್ಯರೂ ವಾದ್ಯಗಳನ್ನು ಹೊತ್ತು ಊರಿಂದ ಊರಿಗೆ ಹೋಗುವ ಸಂಚಾರಿ ಶಾಲೆ ಅದು. ಭಕ್ತರು ಕೊಟ್ಟದ್ದರಲ್ಲಿ ಊಟ, ಅಲ್ಲಿಯೇ ಪಾಠ.

ಕಣ್ಣಿಲ್ಲದವರಿಗೆ ಕಣ್ಣಿಲ್ಲದವರು ಕಲಿಸುವುದು ಹೇಗೆ ಎಂದು ನಮ್ಮ ಮಕ್ಕಳು ಕೇಳಬಹುದು. ಹಾರ್ಮೋನಿಯಂ ಪೆಟ್ಟಿಗೆಯನ್ನು ಮುಟ್ಟಿ ನೋಡಿದರೆ ತಿಳಿಯುತ್ತದೆ. ಅದರ ಕಪ್ಪು ಮನೆಗಳು ಎರಡು, ಮೂರು, ಮತ್ತೆ ಎರಡು, ಮೂರು ಎಂದು ಗುಂಪುಗುಂಪಾಗಿವೆ. ಬೆರಳು ಆ ಗುಂಪನ್ನು ಹುಡುಕಿಕೊಂಡರೆ ಷಡ್ಜದ ಜಾಗ ಸಿಗುತ್ತದೆ. ತಬಲಾದ ಪೆಟ್ಟುಗಳಿಗೆ ಧಾ, ತಿನ್, ನಾ ಎಂಬ ಬೋಲುಗಳಿವೆ. ಮೊದಲು ಬಾಯಿಪಾಠ, ಆಮೇಲೆ ಕೈಯ ಮೇಲೆ ಕೈಯಿಟ್ಟು ಅಭ್ಯಾಸ. ಕಣ್ಣುಳ್ಳ ಗುರು ಇಲ್ಲಿ ನೋಡು ಎಂದು ಬಿಡುತ್ತಾನೆ. ಎಲ್ಲಿ ಬೆರಳು ತಪ್ಪುತ್ತದೆ, ಎಲ್ಲಿ ಧೈರ್ಯ ಕುಂದುತ್ತದೆ ಎಂಬುದು ಅದೇ ದಾರಿಯಲ್ಲಿ ಎಡವಿ ನಡೆದವನಿಗೇ ಚೆನ್ನಾಗಿ ಗೊತ್ತು. ಕನ್ನಡಕ್ಕೆ ಬ್ರೈಲ್ ಲಿಪಿ ಭಾರತೀ ಬ್ರೈಲಿನ ರೂಪದಲ್ಲಿ ನಿಶ್ಚಿತವಾದದ್ದು 1951ರ ಸುಮಾರಿಗೆ. ಗವಾಯಿಗಳ ಕಾಲದಲ್ಲಿ ಕಿವಿ ಮತ್ತು ನೆನಪುಗಳೇ ಪುಸ್ತಕ.

ಬ್ರೈಲ್ ಎಂದಾಗ ಪರದೇಶದ ಒಂದು ಸಂಗತಿಯೂ ನೆನಪಾಗುತ್ತದೆ. ಲೂಯಿ ಬ್ರೈಲ್ ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಓದಿ ಅಲ್ಲಿಯೇ ಉಪಾಧ್ಯಾಯನಾದ. ಅವನು ಚುಕ್ಕೆ ಲಿಪಿಯನ್ನು ಪ್ರಕಟಿಸಿದ್ದು 1829ರಲ್ಲಿ. ಕಣ್ಣುಳ್ಳ ಅಧಿಕಾರಿಗಳು ಬಹುಕಾಲ ಅದನ್ನು ಒಪ್ಪಲಿಲ್ಲ. ಅಂಧ ಹುಡುಗರೇ ಒಬ್ಬರಿಂದೊಬ್ಬರು ಕಲಿತು ಉಳಿಸಿಕೊಂಡರು. ಶಾಲೆ ಅದನ್ನು ಒಪ್ಪಿಕೊಂಡಾಗ ಬ್ರೈಲ್ ತೀರಿಹೋಗಿ ಎರಡು ವರ್ಷವಾಗಿತ್ತು.

ಗವಾಯಿಗಳ ಬಗ್ಗೆ ಪವಾಡದ ಕಥೆಗಳು ಬಹಳ. ನಮಗಾದರೋ ಪವಾಡಕ್ಕಿಂತ ಆ ಮಕ್ಕಳ ದಿನದ ಊಟದ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ. 1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಆಧಾರಸ್ತಂಭವೇ ಹೋದರೂ ಮಕ್ಕಳನ್ನು ಅವರವರ ಮನೆಗೆ ಕಳಿಸಿ ಕೈ ತೊಳೆದುಕೊಳ್ಳಲು ಗವಾಯಿಗಳು ಒಪ್ಪಲಿಲ್ಲ. ಎಷ್ಟೋ ಮಕ್ಕಳಿಗೆ ಹಿಂದಿರುಗಲು ಮನೆಯೇ ಇರಲಿಲ್ಲ. ಅವರು ನಾಟಕ ಮಂಡಳಿಯನ್ನೂ ಕಟ್ಟಿದರು. ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡು ಆ ಅಲೆದಾಟ ನಿಂತಿತು.

ಶಿಷ್ಯರಲ್ಲಿ ಕಣ್ಣುಳ್ಳವರೂ ಇದ್ದರು. ಬಸವರಾಜ ರಾಜಗುರು ಅವರಲ್ಲೊಬ್ಬರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಹತ್ತೊಂಬತ್ತರ ಯುವಕ ರಾಜಗುರು ಅಂದು ಸಭೆಯ ಮುಂದೆ ಹಾಡಿದಾಗ ತಬಲಾ ಸಾಥ್ ನೀಡಿದವರು ಸ್ವತಃ ಗುರುಗಳು. ಶಿಷ್ಯನ ಹಿಂದೆ ಗುರು ಕುಳಿತು ತಾಳ ಹಿಡಿಯುವುದು ನಮ್ಮ ಸಂಗೀತ ಲೋಕದಲ್ಲಿ ದಿನನಿತ್ಯದ ಮಾತಲ್ಲ.

ಇನ್ನೊಬ್ಬ ಶಿಷ್ಯರು ಪುಟ್ಟರಾಜರು. 1914ರಲ್ಲಿ ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿ, ಎಳವೆಯಲ್ಲೇ ದೃಷ್ಟಿಯನ್ನೂ ತಂದೆತಾಯಿಗಳನ್ನೂ ಕಳೆದುಕೊಂಡವರು. ಗವಾಯಿಗಳು ಅವರನ್ನು ಮಗನಂತೆ ಸಾಕಿದರು. 1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಕಣ್ಣುಳ್ಳ ಯಾರಿಗೋ ಹೋಗಲಿಲ್ಲ. ಮೂವತ್ತು ವರ್ಷದ ಅಂಧ ಪುಟ್ಟರಾಜರು ಅದನ್ನು ಹೊತ್ತರು, 2010ರಲ್ಲಿ ತಾವು ತೀರಿಕೊಳ್ಳುವವರೆಗೂ ನಡೆಸಿದರು. ಇಂದಿನ ಹೆಸರಾಂತ ಗಾಯಕ ವೆಂಕಟೇಶ ಕುಮಾರರು ಅವರ ಬಳಿ ಬೆಳೆದವರು. ಗವಾಯಿಗಳ ಜೀವನವನ್ನು ಕುರಿತ ಚಲನಚಿತ್ರ 1995ರಲ್ಲಿ ಬಂತು. ಅದರ ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು.

ನಮ್ಮ ಕೃಷ್ಣಗಿರಿಯಲ್ಲಿ ಸೋಮವಾರ ಕಲೆಕ್ಟರ್ ಕಚೇರಿಯ ಅಹವಾಲು ದಿನದಂದು ಊರುಗೋಲು, ಬಿಳಿ ಕೋಲು ಹಿಡಿದವರು ಜೊತೆಜೊತೆಯಾಗಿ ಬರುತ್ತಾರೆ. ಗುರುತಿನ ಚೀಟಿ ಪಡೆಯಲು ಎಲ್ಲಿಗೆ ಹೋಗಬೇಕು, ಮಾಸಾಶನ ನಿಂತರೆ ಯಾರನ್ನು ಕೇಳಬೇಕು ಎಂದು ಮೊದಲು ತಿಳಿದವರು ಹೊಸಬರಿಗೆ ಹೇಳಿಕೊಡುತ್ತಾರೆ. ಇವರದೇ ಸ್ವಸಹಾಯ ಗುಂಪುಗಳೂ ತಮಿಳುನಾಡಿನ ಹಳ್ಳಿಗಳಲ್ಲಿವೆ. ಆದರೆ ತಳಿ, ದೇನ್ಕನಿಕೋಟೆ ಕಡೆಯ ದೂರದ ಹಳ್ಳಿಗಳಲ್ಲಿ ಕಣ್ಣಿಲ್ಲದ ಮಗುವನ್ನು ನೆಂಟರೆದುರು ಒಳಮನೆಯಲ್ಲೇ ಇರಿಸುವ ಹೆತ್ತವರು ಇನ್ನೂ ಇದ್ದಾರೆ. ಪೋಷಕರು ಈ ಪುಟ ಓದುವುದರಿಂದ ಇಷ್ಟನ್ನು ಬರೆಯುತ್ತೇವೆ. ಗದುಗಿನ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಪಾಠ ಎಲ್ಲವೂ ಉಚಿತ. ಜಾತಿಯನ್ನು ಕೇಳುವುದಿಲ್ಲ. ಬೆಂಗಳೂರಿನಿಂದ ಗದಗಕ್ಕೆ ರಾತ್ರಿಯ ರೈಲು ಉಂಟು.