ಕುಮಾರಿ ಅನ್ನಾ ಮಣಿಯವರು

ಕುಮಾರಿ ಅನ್ನಾ ಮಣಿಯವರು 1918ನೆಯ ಇಸವಿ ಆಗಸ್ಟ್ 23ನೆಯ ತಾರೀಖು ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ, ಸಿರಿಯನ್ ಕ್ರೈಸ್ತ ಮನೆತನವೊಂದರಲ್ಲಿ, ಎಂಟು ಮಂದಿ ಮಕ್ಕಳ ಪೈಕಿ ಏಳನೆಯವರಾಗಿ ಜನಿಸಿದರು. ತಂದೆಯವರು ಇಂಜಿನಿಯರು, ಏಲಕ್ಕಿ ತೋಟಗಳ ಒಡೆಯರು. ಅವರು ದೇವರ ವಿಷಯದಲ್ಲಿ ಅಜ್ಞೇಯವಾದಿಗಳಾಗಿದ್ದರೆಂಬುದನ್ನು, ಇದು ಮಿಷನ್ ಶಾಲೆಯ ಸಂಚಿಕೆಯೆಂಬ ಕಾರಣದಿಂದ ನಾವು ಮರೆಮಾಡಲಾರೆವು. ತಾವೇ ಪರೀಕ್ಷಿಸಿ ನೋಡದ ಮಾತನ್ನು ಒಪ್ಪಬಾರದೆಂದು ಮಕ್ಕಳಿಗೆ ಕಲಿಸಿದವರೂ ಅವರೇ. ಆದರೂ ಆ ಮನೆಯಲ್ಲಿ ಗಂಡುಮಕ್ಕಳನ್ನು ಉದ್ಯೋಗಕ್ಕೂ ಹೆಣ್ಣುಮಕ್ಕಳನ್ನು ವಿವಾಹಕ್ಕೂ ಸಿದ್ಧಪಡಿಸುವುದೇ ವಾಡಿಕೆಯಾಗಿದ್ದಿತು. ಎಂಟನೆಯ ಹುಟ್ಟುಹಬ್ಬದಂದು ಪದ್ಧತಿಯಂತೆ ವಜ್ರದ ಓಲೆಗಳನ್ನು ಕೊಡಹೋದಾಗ ಹುಡುಗಿಯು ಅವುಗಳನ್ನು ಒಲ್ಲದೆ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಸಂಪುಟಗಳನ್ನು ಬೇಡಿದಳು. ಮಗಳ ಓಲೆಗೆಂದು ವರ್ಷಗಟ್ಟಲೆ ಚೀಟಿ ಕಟ್ಟುವ ನಮ್ಮ ಕಡೆಯ ತಾಯಂದಿರಿಗೆ ಇದು ವಿಚಿತ್ರವೆನಿಸೀತು.

ಆಕೆಗೆ ವೈದ್ಯವಿದ್ಯೆಯ ಮೇಲೆ ಆಸೆಯಿದ್ದಿತು. ಅದು ಕೈಗೂಡದಿರಲು, ತಾನು ಚೆನ್ನಾಗಿ ಬಲ್ಲ ಭೌತಶಾಸ್ತ್ರವನ್ನೇ ಆರಿಸಿಕೊಂಡು, 1939ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎಸ್‌ಸಿ. ಆನರ್ಸ್ ಪದವಿಯನ್ನು ಪಡೆದರು. ಮರುವರ್ಷ ವಿದ್ಯಾರ್ಥಿವೇತನವು ದೊರೆತು ಬೆಂಗಳೂರಿಗೆ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸರ್ ಸಿ. ವಿ. ರಾಮನ್ನರ ಶಿಷ್ಯೆಯಾದರು.

ಓಲೆಯನ್ನು ಬೇಡವೆಂದಾಕೆಗೆ ಇಲ್ಲಿ ವಜ್ರಗಳೇ ಪಠ್ಯಪುಸ್ತಕಗಳಾದವು. ರಾಮನ್ನರ ಬಳಿ ವಜ್ರಗಳ ದೊಡ್ಡ ಸಂಗ್ರಹವೇ ಇದ್ದಿತು. ವಜ್ರದ ಮೇಲೆ ಬೆಳಕನ್ನು ಬಿಟ್ಟರೆ ಅದು ತನ್ನದೇ ಆದ ಮಂದಪ್ರಭೆಯೊಂದನ್ನು ಹೊರಸೂಸುತ್ತದೆ. ಆ ಪ್ರಭೆಯನ್ನು ಬಣ್ಣಬಣ್ಣದ ಗೆರೆಗಳಾಗಿ ಬಿಡಿಸಿ ಫೋಟೋ ಫಲಕದ ಮೇಲೆ ಹಿಡಿದರೆ, ಹರಳಿನ ಒಳರಚನೆಯು ತಿಳಿದುಬರುತ್ತದೆ. ಹರಳನ್ನು ದ್ರವೀಕರಿಸಿದ ಗಾಳಿಯ ಕಡುಶೀತದಲ್ಲಿಟ್ಟು, ಕೆಲವು ವೇಳೆ ಒಂದೇ ಚಿತ್ರಕ್ಕಾಗಿ 15ರಿಂದ 20 ಗಂಟೆಗಳ ಕಾಲ ಕಾಯಬೇಕಾಗುತ್ತಿತ್ತು. ಅನೇಕ ರಾತ್ರಿಗಳನ್ನು ಆಕೆ ಪ್ರಯೋಗಶಾಲೆಯಲ್ಲಿಯೇ ಕಳೆದರು. ವಿದ್ಯಾರ್ಥಿನಿಯರು ಗಂಡುಮಕ್ಕಳೊಡನೆ ಬೆರೆಯುವುದು ರಾಮನ್ನರಿಗೆ ಸಮ್ಮತವಿರಲಿಲ್ಲವಾದುದರಿಂದ, ಸಹಪಾಠಿಗಳ ಚರ್ಚೆಗಳು ಆಕೆಗೆ ಹೊರಗಾಗಿಯೇ ಉಳಿದವು. ಗುರುಗಳು ಮಹಾನುಭಾವರು, ನಿಜ. ಆದರೆ ಈ ಕಟ್ಟಳೆಯಿಂದ ಶಿಷ್ಯೆಗೆ ನಷ್ಟವಾಯಿತೆಂದೇ ನಮ್ಮ ಎಣಿಕೆ.

1942ರಿಂದ 1945ರೊಳಗೆ ಆಕೆ ಐದು ಸಂಶೋಧನ ಲೇಖನಗಳನ್ನು ಪ್ರಕಟಿಸಿ, 1945ರ ಆಗಸ್ಟಿನಲ್ಲಿ ಡಾಕ್ಟರ್ ಪದವಿಗಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನು ಒಪ್ಪಿಸಿದರು. ಆಕೆಗೆ ಎಂ.ಎಸ್‌ಸಿ. ಪದವಿಯಿಲ್ಲವೆಂಬ ನೆಪದಿಂದ ವಿಶ್ವವಿದ್ಯಾನಿಲಯವು ಪದವಿಯನ್ನು ಕೊಡಲಿಲ್ಲ. ಆನರ್ಸ್ ಪದವಿಯನ್ನೂ, ಐದು ವರ್ಷಗಳ ದುಡಿಮೆಯನ್ನೂ ಒಂದು ನಿಯಮದ ಅಕ್ಷರಕ್ಕಾಗಿ ಬದಿಗಿಟ್ಟದ್ದು ಅನ್ಯಾಯವೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಆ ಪ್ರಬಂಧವು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಪುಸ್ತಕ ಭಂಡಾರದಲ್ಲಿ ಉಳಿದುಕೊಂಡಿತು. ಆಕೆ ಕಡೆಯವರೆಗೂ ಆ ಪದವಿಯಿಲ್ಲದೆಯೇ ಬಾಳಿದರು.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದಿಂದ, ಸೈನಿಕರನ್ನು ಸಾಗಿಸುವ ಹಡಗಿನಲ್ಲಿ ಇಂಗ್ಲೆಂಡಿಗೆ ತೆರಳಿದರು. ಭೌತಶಾಸ್ತ್ರವನ್ನೇ ಮುಂದುವರಿಸಬೇಕೆಂದು ಹೋದವರಿಗೆ ಲಂಡನ್ನಿನಲ್ಲಿ ದೊರೆತದ್ದು ಹವಾಮಾನದ ಉಪಕರಣಗಳ ತರಬೇತಿ ಮಾತ್ರ. ಅದನ್ನೇ ಶ್ರದ್ಧೆಯಿಂದ ಕಲಿತು, 1948ರಲ್ಲಿ ಹಿಂದಿರುಗಿ, ಪುಣೆಯಲ್ಲಿ ಭಾರತದ ಹವಾಮಾನ ಇಲಾಖೆಯನ್ನು ಸೇರಿದರು.

ಬಿಳಿಗಿರಿರಂಗನ ಬೆಟ್ಟದ ಕಾಡಿನಂಚಿನಲ್ಲಿರುವ ನಮ್ಮ ಪುಣಜನೂರಿನಲ್ಲಿ ಮಳೆಯ ಮಾತಿಲ್ಲದ ದಿನವಿಲ್ಲ. ಬಿದ್ದ ಮಳೆಯೆಷ್ಟು, ಬೀಸಿದ ಗಾಳಿಯೆಷ್ಟು ಎಂಬುದನ್ನು ಊರೂರಿನಲ್ಲಿಯೂ ಒಂದೇ ಅಳತೆಯಿಂದ ಅಳೆಯದೆ ಹವಾಮಾನದ ಮುನ್ಸೂಚನೆಯು ಸಾಧ್ಯವಿಲ್ಲ. ಸ್ವಾತಂತ್ರ್ಯದ ಹೊಸದರಲ್ಲಿ ಇಂಥ ಉಪಕರಣಗಳಿಗೆ ನಾವು ಪರದೇಶಗಳ ಕಡೆಗೇ ನೋಡಬೇಕಾಗಿತ್ತು. ಸುಮಾರು 100 ಬಗೆಯ ಉಪಕರಣಗಳ ನಕ್ಷೆಗಳನ್ನು ಕ್ರಮಪಡಿಸಿ, ಅವು ಈ ದೇಶದಲ್ಲಿಯೇ ತಯಾರಾಗುವಂತೆ ಮಾಡಿದವರಲ್ಲಿ ಆಕೆ ಮುಖ್ಯರು. 1953ರ ವೇಳೆಗೆ ಆ ವಿಭಾಗದ ಮುಖ್ಯಸ್ಥೆಯಾಗಿ, 121 ಮಂದಿ ಗಂಡಸರು ಆಕೆಯ ಕೈಕೆಳಗೆ ಕೆಲಸ ಮಾಡುತ್ತಿದ್ದರು! 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೂರ್ಯನ ಶಾಖವನ್ನಳೆಯುವ ಕೇಂದ್ರಗಳನ್ನು ದೇಶದಲ್ಲಿ ಸ್ಥಾಪಿಸಿದರು. ಓಜೋನನ್ನು ಅಳೆಯುವ ಉಪಕರಣವನ್ನು ಸಿದ್ಧಪಡಿಸಿದರು. 1963ರಲ್ಲಿ ತುಂಬಾದ ರಾಕೆಟ್ ಕೇಂದ್ರಕ್ಕೆ ಬೇಕಾದ ಹವಾಮಾನ ವ್ಯವಸ್ಥೆಯನ್ನೂ ಮಾಡಿಕೊಟ್ಟರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು.

ನಿವೃತ್ತಿಯ ಬಳಿಕ ಬೆಂಗಳೂರಿಗೆ ಮರಳಿ, ರಾಮನ್ ಸಂಶೋಧನ ಸಂಸ್ಥೆಯಲ್ಲಿ ಮೂರು ವರ್ಷಗಳ ಕಾಲ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಗಾಳಿಯನ್ನೂ ಬಿಸಿಲನ್ನೂ ಅಳೆಯುವ ಉಪಕರಣಗಳ ಒಂದು ಕಾರ್ಖಾನೆಯನ್ನು ನಡೆಯಿಸಿದರು. ಭಾರತದಲ್ಲಿ ಬೀಳುವ ಬಿಸಿಲಿನ ಲೆಕ್ಕವನ್ನು 1980ರಲ್ಲಿ ಗ್ರಂಥರೂಪವಾಗಿ ಹೊರತಂದು, ದೇಶದ ಗಾಳಿಯ ಸಮೀಕ್ಷೆಯನ್ನೂ ಕೈಗೊಂಡರು. ಚಿತ್ರದುರ್ಗದ ಬೆಟ್ಟಗಳಲ್ಲಿ ಈಗ ತಿರುಗುವ ಗಾಳಿಯಂತ್ರಗಳನ್ನು ನೋಡಿದವರು, ಅಂಥವುಗಳಿಗೆ ಮೊದಲು ಬೇಕಾದುದು ಇಂಥ ಅಳತೆಯೇ ಎಂಬುದನ್ನು ಬಲ್ಲರು. ಆಕೆ ಅವಿವಾಹಿತರಾಗಿಯೇ ಉಳಿದು, 2001ನೆಯ ಇಸವಿ ಆಗಸ್ಟ್ 16ರಂದು ತಿರುವನಂತಪುರದಲ್ಲಿ ದೈವಾಧೀನರಾದರು.

ಭೌತಶಾಸ್ತ್ರವನ್ನು ಓದಿದ ಹುಡುಗಿಗೆ ಶಾಲೆಯ ಕೆಲಸವಲ್ಲದೆ ಬೇರೇನೂ ಸಿಕ್ಕದೆಂದು ನಮ್ಮ ವಿದ್ಯಾರ್ಥಿನಿಯರ ತಾಯಿತಂದೆಗಳು ಅನೇಕರು ಎಣಿಸಿದ್ದಾರೆ. ಶಾಲೆಯ ಕೆಲಸವನ್ನು ನಾವು ಕೀಳೆನ್ನೆವು. ಅದರಿಂದಲೇ ನಮ್ಮ ಜೀವನವು ಸಾಗಿದೆ. ಆದರೆ ಹವಾಮಾನ ಇಲಾಖೆಯೂ, ಬಾಹ್ಯಾಕಾಶ ಸಂಸ್ಥೆಯೂ, ಕ್ಯಾನ್ಸರ್ ರೋಗಿಗಳಿಗೆ ಕೊಡುವ ವಿಕಿರಣವನ್ನು ಲೆಕ್ಕಹಾಕಬೇಕಾದ ಆಸ್ಪತ್ರೆಗಳೂ ಭೌತಶಾಸ್ತ್ರಜ್ಞರನ್ನು ಬಯಸುತ್ತವೆ. ಎಂ.ಎಸ್‌ಸಿ. ವ್ಯಾಸಂಗಕ್ಕೆ ಮೈಸೂರಿನ ಮಾನಸಗಂಗೋತ್ರಿಯು ದೂರವೇನೂ ಅಲ್ಲ. ಪಿ.ಯು.ಸಿ. ಸೇರುವಾಗಲೇ ಗಣಿತವನ್ನು ಕೈಬಿಟ್ಟ ಹುಡುಗಿಗೆ ಮಾತ್ರ ಈ ದಾರಿಯು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಕಷ್ಟವೆಂದು ಹೆದರಿಸಿ ಮಗಳಿಂದ ಅದನ್ನು ಬಿಡಿಸುವ ಮೊದಲು, ತಾಯಿತಂದೆಗಳು ದಯಮಾಡಿ ಅವಳ ಗಣಿತದ ಉಪಾಧ್ಯಾಯಿನಿಯವರನ್ನು ಕಂಡು ಮಾತನಾಡಬೇಕು.